ಜಿಂಕೆಗೆ ಯಾವ ತೋಟೆ? .270 ಮತ್ತು .30-06ರ ನೂರು ವರ್ಷದ ವಾದ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ಜಿಂಕೆ ಬೇಟೆಯ ರೈಫಲ್ ಋತು ಶುರುವಾಗುತ್ತದೆ. ಹಬ್ಬದ ನಂತರದ ಸೋಮವಾರ ಅಲ್ಲಿನ ಎಷ್ಟೋ ಊರುಗಳಲ್ಲಿ ಶಾಲೆಗೂ ರಜೆ. ಅದಕ್ಕೆ ಮುಂಚಿನ ವಾರಗಳಲ್ಲಿ ಮೊದಲ ರೈಫಲ್ ಕೊಳ್ಳಲು ಬರುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಅಜ್ಜಂದಿರ ಕಾಲದಿಂದ ಬದಲಾಗಿಲ್ಲ: .270 ವಿಂಚೆಸ್ಟರ್ ಒಳ್ಳೆಯದೋ, .30-06 ಸ್ಪ್ರಿಂಗ್‌ಫೀಲ್ಡ್ ಒಳ್ಳೆಯದೋ? 2007ರಲ್ಲಿ ಬಂದ 6.5 ಕ್ರೀಡ್‌ಮೋರ್‌ನಂಥ ಹೊಸ ತೋಟೆಗಳು ಎಷ್ಟು ಜನರನ್ನು ಸೆಳೆದುಕೊಂಡರೂ ಈ ಎರಡು ಹಳೆಯ ತೋಟೆಗಳ ಪಕ್ಷಗಳು ಕರಗಿಲ್ಲ. ಎರಡೂ ಪಕ್ಷದವರು ಅಳೆಯಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಾರೆ ಎಂಬುದು ನನ್ನ ಬಲವಾದ ಅನಿಸಿಕೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯನ್ನು ಹೊಡೆಯುವುದು ಅಪರಾಧ, ಅದು ಹಾಗೆಯೇ ಇರಬೇಕು. ಅಮೆರಿಕದ ಕತೆ ಬೇರೆ. 1900ರ ಹೊತ್ತಿಗೆ ಮಾರಾಟಕ್ಕಾಗಿ ನಡೆದ ಕಡಿವಾಣವಿಲ್ಲದ ಬೇಟೆಯಿಂದ ಬಿಳಿಬಾಲದ ಜಿಂಕೆಗಳು ಇಡೀ ದೇಶದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದವು. ಕಟ್ಟುನಿಟ್ಟಾದ ಲೈಸೆನ್ಸು, ಋತು, ಮಿತಿಗಳು ಬಂದವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ರೈಫಲ್ ಮತ್ತು ತೋಟೆಗಳ ಮೇಲಿನ ತೆರಿಗೆಯ (ಈಗ ಶೇ 11) ಹಣವನ್ನು ವನ್ಯಜೀವಿಗಳ ಪುನಶ್ಚೇತನಕ್ಕೆ ಮೀಸಲಿಟ್ಟಿತು. ಇವತ್ತು ಅಲ್ಲಿ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆಗಳಿವೆ. ತೋಳಗಳಿಲ್ಲದ ಪೂರ್ವದ ಕಾಡುಗಳಲ್ಲಿ ಅವು ಎಳೆ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ, ರಸ್ತೆಯಲ್ಲಿ ಕಾರುಗಳಿಗೆ ಅಡ್ಡ ಬಂದು ಸಾಯುತ್ತವೆ, ಸಾಯಿಸುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ನವೆಂಬರ್ ತಿಂಗಳಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಹೊರಡುವ ನೆರೆಮನೆಯವರು ಹೊಸಬರೇನಲ್ಲ. ಬೇಟೆ ಕಾನೂನುಬದ್ಧವಾಗಿರುವ ಕಡೆ ಉಳಿಯುವ ದೊಡ್ಡ ಪ್ರಶ್ನೆ ಒಂದೇ: ಪ್ರಾಣಿ ನರಳದೆ ಸಾಯುತ್ತದೆಯೇ? ತೋಟೆಯ ಆಯ್ಕೆಯನ್ನು ನಾನು ನೋಡುವುದು ಆ ಪ್ರಶ್ನೆಯ ಮೂಲಕ.

ಎರಡು ತೋಟೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಅಣ್ಣತಮ್ಮಂದಿರೆಂದು ಯಾರಿಗೂ ಗೊತ್ತಾಗುತ್ತದೆ. ಹಿತ್ತಾಳೆಯ ಕೋಶದ ಬುಡ ಎರಡರಲ್ಲೂ ಸುಮಾರು 12 ಮಿಲಿಮೀಟರ್ ಅಗಲ. ಗುಂಡಿನ ತುದಿಯವರೆಗಿನ ಒಟ್ಟು ಉದ್ದವೂ ಒಂದೇ, ಹತ್ತಿರ ಹತ್ತಿರ 85 ಮಿಲಿಮೀಟರ್. ಹೆಗಲಿನ ಮೇಲಕ್ಕೆ ಬಂದಾಗ ಮಾತ್ರ ವ್ಯತ್ಯಾಸ. .30-06ರ ಕುತ್ತಿಗೆ ಹಿಡಿದಿರುವುದು 7.82 ಮಿಲಿಮೀಟರ್ ದಪ್ಪದ ಗುಂಡನ್ನು, .270 ಹಿಡಿದಿರುವುದು 7.04 ಮಿಲಿಮೀಟರಿನ ಗುಂಡನ್ನು. ಹೀಗೆ ಬುಡವೂ ಉದ್ದವೂ ಒಂದೇ ಆಗಿರುವುದರಿಂದ ಒಂದೇ ಮಾದರಿಯ ರೈಫಲನ್ನು ಕಂಪನಿಗಳು ಎರಡೂ ತೋಟೆಗೆ ತಯಾರಿಸುತ್ತವೆ. ಅಂಗಡಿಯ ಗೋಡೆಯಲ್ಲಿ ತೂಗುಹಾಕಿದ ಎರಡು ರೈಫಲ್‌ಗಳಲ್ಲಿ ಯಾವುದು ಯಾವುದೆಂದು ನಳಿಗೆಯ ಮೇಲಿನ ಅಚ್ಚು ಓದದೆ ಹೇಳಲಾಗದು. ಮನೆಯಲ್ಲಿ ಎರಡೂ ಇರುವವರು ತೋಟೆಗಳನ್ನು ಒಂದೇ ಜೇಬಿಗೆ ಹಾಕಿಕೊಳ್ಳಬಾರದು, ಪ್ರತಿ ಸಲ ತೋಟೆಯ ಬುಡದ ಅಕ್ಷರ ನೋಡಿಯೇ ತುಂಬಬೇಕು. ತಪ್ಪು ತೋಟೆ ಸಿಡಿದರೆ ಹಾನಿ ಹೊಡೆಯುವವರ ಮುಖಕ್ಕೆ.

ಹುಟ್ಟಿದ ಮನೆಗಳು ಮಾತ್ರ ಬೇರೆ ಬೇರೆ. .30-06 ಸೈನ್ಯದ ಕೂಸು. ಅಮೆರಿಕದ ಸೇನೆ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲಿಗೆ ಒಂದು ತೋಟೆ ಮಾಡಿಕೊಂಡಿತ್ತು. ಅದರ ಗುಂಡು 220 ಗ್ರೇನ್ ತೂಕದ ಮೊಂಡುಮೂತಿಯದು. (ಗ್ರೇನ್ ಎಂದರೆ ಗುಂಡು, ಮದ್ದು ತೂಗುವ ಹಳೆಯ ಅಳತೆ. ಸುಮಾರು ಹದಿನೈದೂವರೆ ಗ್ರೇನ್ ಸೇರಿದರೆ ಒಂದು ಗ್ರಾಂ.) ಅಷ್ಟರಲ್ಲಿ ಜರ್ಮನರು ಚೂಪುಮೂತಿಯ ಹಗುರ ಗುಂಡಿಗೆ ಬದಲಾದರು. ಗಾಳಿಯನ್ನು ಸೀಳಿಕೊಂಡು ಹೋಗುವ ಆ ಗುಂಡಿನ ಮುಂದೆ ಅಮೆರಿಕದ ತೋಟೆ ಮೂರೇ ವರ್ಷಕ್ಕೆ ಹಳತಾಯಿತು. ಕೋಶದ ಕುತ್ತಿಗೆಯನ್ನು ಸ್ವಲ್ಪ ಮೋಟು ಮಾಡಿ, 150 ಗ್ರೇನಿನ ಚೂಪು ಗುಂಡು ಕೂರಿಸಿ 1906ರಲ್ಲಿ ಹೊರತಂದದ್ದೇ ಥರ್ಟಿ-ಆಟ್-ಸಿಕ್ಸ್. ಎರಡು ಮಹಾಯುದ್ಧಗಳಲ್ಲಿ ಅದು ಅಮೆರಿಕದ ಸೈನಿಕನ ಹೆಗಲ ಮೇಲಿತ್ತು. ಯುದ್ಧದಿಂದ ಮರಳಿದ ಲಕ್ಷಾಂತರ ಜನಕ್ಕೆ ಆಗಲೇ ಕೈಗೆ ಒಗ್ಗಿದ ತೋಟೆ ಅದು. ಹೀಗಾಗಿ ಅದೇ ಅವರ ಬೇಟೆಯ ತೋಟೆಯೂ ಆಯಿತು.

.270ಯನ್ನು ಯಾವ ಸೈನ್ಯವೂ ಕೇಳಿರಲಿಲ್ಲ. 1925ರಲ್ಲಿ ವಿಂಚೆಸ್ಟರ್ ಕಂಪನಿ ತನ್ನ ಮಾಡೆಲ್ 54 ರೈಫಲಿನ ಜೊತೆಗೆ ಅದನ್ನು ಬೇಟೆಗಾರರಿಗೆಂದೇ ಬಿಟ್ಟಿತು. 130 ಗ್ರೇನ್ ಗುಂಡು, ಸೆಕೆಂಡಿಗೆ 3,100 ಅಡಿಗೂ ಮೀರಿದ ವೇಗ. ಆ ಕಾಲಕ್ಕೆ ಅದು ಬೆರಗಿನ ಸಂಗತಿ. ಆದರೂ ಮಾಡೆಲ್ 54 ಅಷ್ಟೇನೂ ಜನಪ್ರಿಯವಾಗಲಿಲ್ಲ, 1936ರಲ್ಲಿ ಅದರ ಜಾಗಕ್ಕೆ ಮಾಡೆಲ್ 70 ಬಂತು. .270ಗೆ ಹೆಸರು ತಂದುಕೊಟ್ಟದ್ದು ಒಬ್ಬ ಲೇಖಕ. ಅರಿಜೋನದಲ್ಲಿ ಹುಟ್ಟಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಪತ್ರಿಕೋದ್ಯಮ ಕಲಿಸುತ್ತಿದ್ದ ಜ್ಯಾಕ್ ಓ'ಕಾನರ್, 'ಔಟ್‌ಡೋರ್ ಲೈಫ್' ಪತ್ರಿಕೆಗೆ ಬಂದೂಕಿನ ಅಂಕಣ ಬರೆಯತೊಡಗಿ, ಮುಂದೆ ಮೇಷ್ಟರ ಕೆಲಸ ಬಿಟ್ಟರು. ಬೆಟ್ಟದ ಕುರಿ, ಜಿಂಕೆಗಳನ್ನು ದೂರದಿಂದ ಹೊಡೆಯಲು .270ಯಂಥದು ಇನ್ನೊಂದಿಲ್ಲ ಎಂಬುದು ಅವರ ದಶಕಗಳ ಪ್ರತಿಪಾದನೆ. ಅವರಿಗೆ ಎದುರಾಳಿಯಾಗಿದ್ದವರು ಐಡಹೋದ ಎಲ್ಮರ್ ಕೀತ್. ಪ್ರಾಣಿ ಬೀಳಬೇಕಾದರೆ ದಪ್ಪ ಗುಂಡು, ಭಾರದ ಗುಂಡು ಬೇಕು, ಎಲ್ಕ್‌ನಂಥ ದೊಡ್ಡ ಮೃಗಕ್ಕೆ .270 ಸಾಲದು ಎಂದು ಕೀತ್ ಕೊನೆಯವರೆಗೂ ವಾದಿಸಿದರು. ಇವತ್ತು ಅಂಗಡಿಯ ಕಟ್ಟೆಯಲ್ಲಿ ಕೇಳಿಬರುವ ಬಹುಪಾಲು ಮಾತು ಈ ಇಬ್ಬರ ಪ್ರತಿಧ್ವನಿ. ಗಮನಿಸಬೇಕಾದದ್ದು, ಓ'ಕಾನರ್ ಸ್ವತಃ .30-06ನ್ನು ಎಂದೂ ತೆಗಳಲಿಲ್ಲ, ಅದನ್ನು ಧಾರಾಳವಾಗಿ ಬಳಸಿದರು. ಅವರ ಹೆಂಡತಿ ಎಲಿನರ್ ಒಳ್ಳೆಯ ಗುರಿಗಾರ್ತಿ. ಆಕೆ ಹೆಚ್ಚಾಗಿ ಹಿಡಿದದ್ದು ಎರಡಕ್ಕಿಂತಲೂ ಮೆತ್ತಗಿನ 7x57 ಮೌಸರ್. ಜಿಮ್ ಕಾರ್ಬೆಟ್ ಓದಿದವರಿಗೆ .275 ರಿಗ್ಬಿ ಎಂಬ ಹೆಸರಿನಲ್ಲಿ ಪರಿಚಯವಿರುವುದು ಅದೇ ತೋಟೆ.

ಇನ್ನು ಅಂಕಿಗಳು. ಇವತ್ತು ಅಂಗಡಿಯಲ್ಲಿ ಸಿಗುವ ಸಾಮಾನ್ಯ .270 ತೋಟೆ 130 ಗ್ರೇನ್, ಅಂದರೆ ಎಂಟೂವರೆ ಗ್ರಾಂಗೆ ಸ್ವಲ್ಪ ಕಡಿಮೆ ತೂಕದ ಗುಂಡನ್ನು ಸೆಕೆಂಡಿಗೆ 930 ಮೀಟರ್ ವೇಗದಲ್ಲಿ ಎಸೆಯುತ್ತದೆ. ಸಾಮಾನ್ಯ .30-06 ತೋಟೆ 180 ಗ್ರೇನ್, ಸುಮಾರು ಹನ್ನೊಂದೂವರೆ ಗ್ರಾಂ ಗುಂಡನ್ನು 820 ಮೀಟರ್ ವೇಗದಲ್ಲಿ ಎಸೆಯುತ್ತದೆ. ನಳಿಗೆಯ ಬಾಯಲ್ಲಿ ಅಳೆದ ಶಕ್ತಿ ಒಂದರಲ್ಲಿ ಹತ್ತಿರ ಹತ್ತಿರ 3,670 ಜೂಲ್, ಇನ್ನೊಂದರಲ್ಲಿ 3,950. ಶೇ 8ರಷ್ಟು ವ್ಯತ್ಯಾಸ. ಎರಡೂ ರೈಫಲ್‌ಗಳನ್ನು 200 ಗಜಕ್ಕೆ ಗುರಿ ಹೊಂದಿಸಿಟ್ಟರೆ, 300 ಗಜದಲ್ಲಿ .270ಯ ಗುಂಡು ಆರೂವರೆ ಅಂಗುಲ ಕೆಳಗೆ ಬೀಳುತ್ತದೆ, .30-06ರ ಗುಂಡು ಎಂಟಂಗುಲ. ನೂರು ವರ್ಷದಿಂದ ಕಾದಾಡಿಸುತ್ತಿರುವ ವ್ಯತ್ಯಾಸ 300 ಗಜದಲ್ಲಿ ಒಂದೂವರೆ ಅಂಗುಲ. 400 ಗಜದಲ್ಲಿ ಅದು ನಾಲ್ಕೈದು ಅಂಗುಲವಾಗುತ್ತದೆ ನಿಜ. ಆದರೆ ಹೊಸದಾಗಿ ರೈಫಲ್ ಹಿಡಿದವರು 400 ಗಜದಾಚೆಯ ಜೀವಂತ ಪ್ರಾಣಿಯ ಮೇಲೆ ಟ್ರಿಗರ್ ಒತ್ತುವುದನ್ನು ನಾನು ಒಪ್ಪುವುದಿಲ್ಲ. ಪೂರ್ವದ ರಾಜ್ಯಗಳ ದಟ್ಟ ಕಾಡಿನಲ್ಲಿ ಜಿಂಕೆ ಕಣ್ಣಿಗೆ ಬೀಳುವುದೇ ಹೆಚ್ಚಾಗಿ ನೂರು ಗಜದೊಳಗೆ. ಅಲ್ಲಂತೂ ಎರಡು ತೋಟೆಗಳ ಹಾದಿಯಲ್ಲಿ ವ್ಯತ್ಯಾಸವೇ ಇಲ್ಲ.

ಪ್ರಾಣಿಯ ಕಡೆಯಿಂದ ನೋಡೋಣ. ಬೆಳೆದ ಬಿಳಿಬಾಲದ ಗಂಡು ಜಿಂಕೆ 60ರಿಂದ 130 ಕಿಲೋ ತೂಗುತ್ತದೆ. ಚಿಕ್ಕವು ನಮ್ಮ ಚುಕ್ಕೆ ಜಿಂಕೆಯಷ್ಟಿದ್ದರೆ, ಉತ್ತರದ ಚಳಿಸೀಮೆಯ ದೊಡ್ಡವು ಅದಕ್ಕಿಂತ ಭಾರ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಗೂಡಿನಲ್ಲಿ ಹೃದಯ, ಶ್ವಾಸಕೋಶಗಳಿರುವ ಜಾಗ ಸುಮಾರು ಎಂಟಂಗುಲ ಅಗಲ. ಗುಂಡು ಅಲ್ಲಿ ಹೊಕ್ಕರೆ ಪ್ರಾಣಿ ಕೆಲವು ಕ್ಷಣಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತದೆ. ನಾಲ್ಕೈದು ಅಂಗುಲ ಹಿಂದೆ ಸರಿದು ಹೊಟ್ಟೆಗೆ ಬಿದ್ದರೆ, ಗಂಟೆಗಟ್ಟಲೆ ನರಳಿ, ಎಲ್ಲೋ ಪೊದೆಯೊಳಗೆ ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ಹೊಟ್ಟೆಗೆ ಬಿದ್ದದ್ದು .270 ಆದರೇನು, .30-06 ಆದರೇನು, ಜಿಂಕೆಯ ಪಾಡು ಒಂದೇ.

ಹಾಗಾದರೆ ಗುಂಡನ್ನು ಆ ಎಂಟಂಗುಲದಿಂದ ಆಚೆಗೆ ತಳ್ಳುವುದು ಯಾವುದು? ಅತಿ ಹೆಚ್ಚು ಸಲ, ಹೊಡೆಯುವವರ ಹೆಗಲು.

ರೈಫಲ್ ಒದೆಯುತ್ತದೆ. ಎಂಟು ಪೌಂಡ್ ತೂಕದ ರೈಫಲಿನಲ್ಲಿ .270ಯ ಒದೆತ ಸುಮಾರು 17 ಅಡಿ-ಪೌಂಡ್, 180 ಗ್ರೇನಿನ .30-06ರದು ಸುಮಾರು 20. ಕಾಗದದ ಮೇಲೆ ಸಣ್ಣ ಸಂಖ್ಯೆಗಳು. ಆದರೆ ಹತ್ತಿಪ್ಪತ್ತು ಈಡು ಹೊಡೆಯುವಷ್ಟರಲ್ಲಿ ಮೈ ಅದನ್ನು ಕಲಿತುಬಿಡುತ್ತದೆ. ಟ್ರಿಗರ್ ಇನ್ನೂ ಬಿಡುಗಡೆಯಾಗುವ ಮೊದಲೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ಮುಷ್ಟಿ ಬಿಗಿಯುತ್ತದೆ. ಗುಂಡು ಹಾರಿದ ಸದ್ದಿನಲ್ಲಿ ಇದೆಲ್ಲ ಮುಚ್ಚಿಹೋಗುವುದರಿಂದ ಹೊಡೆದವರಿಗೇ ಅರಿವಾಗುವುದಿಲ್ಲ. ಶೂಟಿಂಗ್ ಕಲಿಸುವವರು ಇದನ್ನು ಬಯಲಿಗೆಳೆಯಲು ಒಂದು ಉಪಾಯ ಮಾಡುತ್ತಾರೆ. ಕಲಿಯುವವರಿಗೆ ತಿಳಿಯದಂತೆ ತೋಟೆಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟೆಯೊಂದನ್ನು ಸೇರಿಸಿ ರೈಫಲ್ ಕೊಡುತ್ತಾರೆ. ಮೊದಲ ಎರಡು ಈಡು ಹಾರುತ್ತವೆ. ಮೂರನೆಯದಕ್ಕೆ ಬರೇ 'ಟಿಕ್' ಸದ್ದು. ಸಿಡಿಯದ ರೈಫಲಿನ ಮೂತಿ, ಒದೆತವೇ ಇಲ್ಲದಿದ್ದರೂ, ಎಲ್ಲರ ಕಣ್ಣೆದುರಿಗೆ ಮೂರು ಬೆರಳಷ್ಟು ಕೆಳಗೆ ಬಾಗುತ್ತದೆ. ಹೊಡೆದವರು ತಾವು ಅಲ್ಲಾಡಲಿಲ್ಲವೆಂದು ಆವರೆಗೆ ಆಣೆ ಮಾಡುತ್ತಿದ್ದವರು.

ಇದರ ಲೆಕ್ಕ ಹಾಕಿ. ಬೆದರಿದ ಹೆಗಲು ನೂರು ಗಜದಲ್ಲಿ ಗುಂಡನ್ನು ಮೂರಂಗುಲ ಕೆಡಿಸಿದರೆ, ಅದೇ ತಪ್ಪು ಮುನ್ನೂರು ಗಜದಲ್ಲಿ ಒಂಬತ್ತಂಗುಲ. ಎಂಟಂಗುಲದ ವೃತ್ತದ ನಡುವಿಗೆ ಗುರಿಯಿಟ್ಟರೆ ಯಾವ ಕಡೆಗೂ ನಾಲ್ಕಂಗುಲಕ್ಕಿಂತ ಹೆಚ್ಚು ಅವಕಾಶವಿಲ್ಲ. ತೋಟೆಗಳ ನಡುವಿನ ಒಂದೂವರೆ ಅಂಗುಲದ ವ್ಯತ್ಯಾಸ ಇದರ ಮುಂದೆ ಏನೂ ಅಲ್ಲ. ಆದ್ದರಿಂದ ಜಿಂಕೆಗಷ್ಟೇ ರೈಫಲ್ ಬೇಕೆನ್ನುವವರಿಗೆ, ಅದರಲ್ಲೂ ಹೊಸಬರಿಗೆ, ನಾನು .270ಯ ಪರ. ಕಾರಣ ಅದರ ನೇರ ಹಾದಿಯಲ್ಲ. ಅದು ಕಡಿಮೆ ಒದೆಯುತ್ತದೆ, ಕಡಿಮೆ ಒದೆಯುವುದನ್ನು ಜನ ಹೆಚ್ಚು ಅಭ್ಯಾಸ ಮಾಡುತ್ತಾರೆ.

ಆದರೆ ಇಲ್ಲೊಂದು ಬಲೆ ಇದೆ. ಈಗ ಬೆಟ್ಟ ಹತ್ತುವವರಿಗೆಂದು ಆರೂವರೆ ಪೌಂಡಿನ ತೆಳು ರೈಫಲ್‌ಗಳು ಬರುತ್ತಿವೆ. ರೈಫಲ್ ಹಗುರಾದಷ್ಟೂ ಒದೆತ ಅದೇ ಪ್ರಮಾಣದಲ್ಲಿ ಏರುತ್ತದೆ. ಎಂಟು ಪೌಂಡಿನಲ್ಲಿ 17 ಇದ್ದ .270ಯ ಒದೆತ ಆರೂವರೆ ಪೌಂಡಿಗಿಳಿದರೆ 21ರ ಹತ್ತಿರ. ಅಂದರೆ ಹಗುರ .270, ಭಾರದ .30-06ಗಿಂತ ಜೋರಾಗಿ ಒದೆಯುತ್ತದೆ. ತೋಟೆಯ ಹೆಸರು ನೋಡಿ ಮೆತ್ತಗಿನದು ಎಂದು ಕೊಂಡವರು ಇಲ್ಲಿ ಮೋಸಹೋಗುತ್ತಾರೆ. ಹೆಗಲಿಗೆ ಹೊಂದುವ ಉದ್ದದ ಹಿಡಿ, ಅದರ ತುದಿಗೆ ಒಳ್ಳೆಯ ರಬ್ಬರ್ ಪ್ಯಾಡ್, ಒಂದು ಪೌಂಡ್ ಹೆಚ್ಚಿನ ತೂಕ, ಇವು ತೋಟೆಯ ಆಯ್ಕೆಗಿಂತ ದೊಡ್ಡ ಉಪಕಾರ ಮಾಡುತ್ತವೆ.

ಕೊಡಗಿನವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಕೈಲ್‌ಪೊಳ್ದ್ ಹಬ್ಬದ ಸುತ್ತಮುತ್ತ ಅಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22 ರೈಫಲಿಗೂ ಹನ್ನೆರಡು ಬೋರಿನ ಕೋವಿಗೂ ಬೇರೆ ಬೇರೆ ವಿಭಾಗಗಳಿರುತ್ತವೆ. ಯಾವ ವಿಭಾಗವಾದರೂ ಗೆಲ್ಲುವುದು ಕಾಯಿಗೆ ತಗುಲಿಸಿದವರು. ಜಿಂಕೆಯ ಎಂಟಂಗುಲದ ಜಾಗ ಕೂಡ ಒಂದು ತೆಂಗಿನಕಾಯಿಗಿಂತ ಬಹಳ ದೊಡ್ಡದೇನಲ್ಲ.

ಗುರಿ ಸರಿಯಾಗಿ ಬಿತ್ತು ಎಂದಿಟ್ಟುಕೊಳ್ಳೋಣ. ಆಮೇಲಿನ ಕೆಲಸ ಗುಂಡಿನ ಒಡಲಿನದು, ಇದರ ಬಗ್ಗೆ ಅಂಗಡಿಯ ಕಟ್ಟೆಯಲ್ಲಿ ಸಾಕಷ್ಟು ಮಾತಾಗುವುದೇ ಇಲ್ಲ. ಬೇಟೆಯ ಗುಂಡು ಸೀಸದ ತಿರುಳಿನ ಮೇಲೆ ತಾಮ್ರದ ಹೊದಿಕೆ ಇರುವಂಥದು. ಮೈಗೆ ತಾಗಿದಾಗ ಅದರ ಮೂತಿ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡಬೇಕು, ಹಾಗೆಯೇ ಒಳಗಿನವರೆಗೂ ಹೋಗಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಬೇಗ ಅರಳಿದ್ದು ಆಳಕ್ಕೆ ಹೋಗದು, ಅರಳದ್ದು ಸೂಜಿ ಚುಚ್ಚಿದ ಹಾಗೆ ದಾಟಿಬಿಡುತ್ತದೆ. ವೇಗ ಹೆಚ್ಚಾದಷ್ಟೂ ಸಮಸ್ಯೆ ಬಿಗಡಾಯಿಸುತ್ತದೆ. ಹತ್ತಿರದಿಂದ ಹೊಡೆದ .270ಯ ಮೆತ್ತನೆಯ ಗುಂಡು ಹೆಗಲಿನ ಮೂಳೆಗೆ ಬಡಿದು ಚೂರಾಗಿ, ಪಾವುಗಟ್ಟಲೆ ಮಾಂಸವನ್ನು ರಕ್ತದ ಮುದ್ದೆ ಮಾಡಿ, ಒಳಗಿನ ಅಂಗವನ್ನು ಮುಟ್ಟದೆ ಉಳಿಯಬಹುದು.

1946ರಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಕೆಸರು ಮೆತ್ತಿಕೊಂಡಿದ್ದ ಮೂಸ್ ಎಂಬ ಭಾರಿ ಜಿಂಕೆಯೊಂದಕ್ಕೆ ಗುಂಡಿನ ಮೇಲೆ ಗುಂಡು ಹೊಡೆದರು. ಅವರ ಕೈಯಲ್ಲಿದ್ದದ್ದು ಈ ಎರಡೂ ತೋಟೆಗಳಿಗಿಂತ ಬಲವಾದ .300 ಮ್ಯಾಗ್ನಮ್. ಆದರೂ ಗುಂಡುಗಳು ಮೇಲ್ಮೈಯಲ್ಲೇ ಒಡೆದುಹೋದವು. ಊರಿಗೆ ಬಂದು ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳಲಿ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ನೂಕಲಿ ಎಂದು. 1948ರಿಂದ ಮಾರಾಟಕ್ಕೆ ಬಂದ ಆ ಪಾರ್ಟಿಷನ್ ಗುಂಡು ಈಗಲೂ ಸಿಗುತ್ತದೆ. ಓ'ಕಾನರ್, ಕೀತ್ ಜಗಳದ ಅರ್ಧಭಾಗ ಅಂದಿನ ಗುಂಡುಗಳ ದೌರ್ಬಲ್ಯದ ಮೇಲೆ ನಿಂತಿತ್ತು. ಗಟ್ಟಿ ಗುಂಡು ಬಂದ ಮೇಲೆ ಕೀತ್ ಅವರ ಆಕ್ಷೇಪದ ಹರಿತ ಬಹಳ ಕಡಿಮೆಯಾಯಿತು. ಅಗಲಕ್ಕೆ ಹೋಲಿಸಿದರೆ ಗುಂಡಿಗೆ ಎಷ್ಟು ತೂಕವಿದೆ ಎಂಬುದು ಅದು ಎಷ್ಟು ಆಳಕ್ಕಿಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಈ ಅಳತೆಯಲ್ಲಿ .270ಯ 150 ಗ್ರೇನ್ ಗುಂಡು .30-06ರ 180 ಗ್ರೇನ್ ಗುಂಡಿಗಿಂತ ಒಂದು ಕೂದಲು ಮುಂದೆಯೇ ಇದೆ.

ಹಾಗಾದರೆ .30-06ಗೆ ಉಳಿದದ್ದೇನು? ಬಹಳ ಇದೆ. ಅದರ ಕೋಶಕ್ಕೆ 110 ಗ್ರೇನಿನಿಂದ 220 ಗ್ರೇನ್‌ವರೆಗಿನ ಗುಂಡು ಕೂರಿಸಬಹುದು. .270ಯಲ್ಲಿ ಸಾಮಾನ್ಯ ಹರವು 90ರಿಂದ 150. ಈ ವರ್ಷ ಜಿಂಕೆ, ಮುಂದೊಂದು ವರ್ಷ ಮುನ್ನೂರು ಕಿಲೋ ತೂಗುವ ಎಲ್ಕ್, ಇನ್ನೊಂದು ವರ್ಷ ಅಲಾಸ್ಕದ ಮೂಸ್, ಕರಡಿಗಳಿರುವ ಕಾಡಿನಲ್ಲಿ ಬಿಡಾರ ಎಂದು ಯೋಚಿಸುವವರು, ಒಂದೇ ರೈಫಲ್ ಕೊಳ್ಳುವ ಶಕ್ತಿಯಿದ್ದವರು .30-06 ಕೊಂಡರೆ ನಾನು ಎದುರು ಹೇಳಲಾರೆ. ಜಿಂಕೆಗೆ ಅವರು 180 ಗ್ರೇನ್ ಬಿಟ್ಟು 150 ಗ್ರೇನ್ ತೋಟೆ ಬಳಸಿದರೆ ಒದೆತವೂ ಇಳಿಯುತ್ತದೆ, ಗುಂಡಿನ ಹಾದಿಯೂ .270ಯ ಹತ್ತಿರ ಬರುತ್ತದೆ. ಹಳ್ಳಿಯ ಮೂಲೆಯ ಅಂಗಡಿಯಲ್ಲೂ ಒಂದು ಡಬ್ಬಿ .30-06 ಸಿಗುತ್ತದೆ ಎಂಬುದು ಇನ್ನೊಂದು ಅನುಕೂಲ. .270 ಕೂಡ ಅಲ್ಲಿ ಅಪರೂಪದ ಸರಕಲ್ಲ.

ಕೊಳ್ಳುವ ಮೊದಲು ಆಯಾ ರಾಜ್ಯದ ಕಾನೂನು ಓದಬೇಕು. ಓಹಾಯೋದಲ್ಲಿ ಜಿಂಕೆಗೆ ನೇರ ಗೋಡೆಯ ತೋಟೆಗಳಿಗಷ್ಟೇ ಅನುಮತಿ. ಕುತ್ತಿಗೆ ಕಿರಿದಾದ .270, .30-06 ಎರಡೂ ಅಲ್ಲಿ ನಡೆಯುವುದಿಲ್ಲ. ಸಪಾಟು ನೆಲದಲ್ಲಿ ಇವುಗಳ ಗುಂಡು ಬಹಳ ದೂರ ಹೋಗುತ್ತದೆ, ಹೊಲದಾಚೆ ಮನೆಗಳಿರುತ್ತವೆ. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿನ ಸೀಸದ ಚೂರು ತಿಂದು ಅಲ್ಲಿನ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಸತ್ತ ದನದ ಮಾಂಸದಲ್ಲಿ ಉಳಿದ ಡೈಕ್ಲೊಫೆನಾಕ್ ಔಷಧ ನಮ್ಮ ರಣಹದ್ದುಗಳನ್ನು ಬರಿದು ಮಾಡಿದ್ದನ್ನು ಬಲ್ಲವರಿಗೆ ಈ ಕಾನೂನಿನ ತುರ್ತು ತಟ್ಟನೆ ಅರ್ಥವಾಗುತ್ತದೆ. ನನ್ನನ್ನು ಕೇಳಿದರೆ ಕಾನೂನು ಒತ್ತಾಯಿಸದ ಕಡೆಯೂ ತಾಮ್ರದ ಗುಂಡನ್ನೇ ಬಳಸಬೇಕು. ಸೀಸಕ್ಕಿಂತ ತಾಮ್ರ ಹಗುರ, ಗಟ್ಟಿ. ಅರಳಲು ಅದಕ್ಕೆ ವೇಗ ಬೇಕು. ಒಡೆಯದೆ ಉಳಿಯುವುದರಿಂದ ಕಡಿಮೆ ತೂಕದ ತಾಮ್ರದ ಗುಂಡೇ ಹೆಚ್ಚು ತೂಕದ ಸೀಸದ ಗುಂಡಿನ ಕೆಲಸ ಮಾಡುತ್ತದೆ. ಇದು .270ಯ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ.

ತೋಟೆ ಯಾವುದೇ ಇರಲಿ, ಒಂದೇ ಬಗೆಯ, ಒಂದೇ ತೂಕದ ಗುಂಡಿನ ನಾಲ್ಕೈದು ಡಬ್ಬಿ ಒಟ್ಟಿಗೆ ಕೊಳ್ಳಿ. ದೂರದರ್ಶಕವನ್ನು ಅದಕ್ಕೇ ಹೊಂದಿಸಿ, ಏಕೆಂದರೆ ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ. ಮೊದಲ ಡಬ್ಬಿ ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದು ಮುಗಿಸಿ. ಉಳಿದದ್ದನ್ನು ಮಂಡಿಯೂರಿ, ಕುಳಿತು, ಮರಕ್ಕೆ ಆನಿಕೊಂಡು, ಎಂಟಂಗುಲದ ಕಾಗದದ ತಟ್ಟೆಗೆ ಹೊಡೆಯಿರಿ. ಐದರಲ್ಲಿ ಐದೂ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ, ಆ ವರ್ಷದ ಕಾಡಿನಲ್ಲಿ ನಿಮ್ಮ ಮಿತಿ ಅಷ್ಟೇ. ಕೆಲವರಿಗೆ ಅದು 80 ಗಜ ಇರಬಹುದು, ಕೆಲವರಿಗೆ 200.